ಇಂಗುಗುಂಡಿಗೆ ಮೊದಲು ಮಣ್ಣಿನ ಪರೀಕ್ಷೆ: ಯಾರಿಂದ, ಹೇಗೆ?

ಪ್ರಶ್ನೆ: ಸರ್, 100 ಚದರ ಮೀಟರ್ ತಾರಸಿಯ ಮಳೆನೀರನ್ನು ಇಂಗುಗುಂಡಿಗೆ ಬಿಡಬೇಕು ಅಂತಿದ್ದೇವೆ. ಗುಂಡಿ ತೋಡುವವರು ನೆಲಕ್ಕೆ ಎರಡು ಬಕೆಟ್ ನೀರು ಸುರಿದು, "ಚೆನ್ನಾಗಿ ಇಂಗ್ತು, ಪರೀಕ್ಷೆ ಏನೂ ಬೇಡ" ಅಂದರು. ಅಷ್ಟು ಸಾಕಾ? ಮಾಡಿಸುವುದಾದರೆ ಯಾರನ್ನು ಕೇಳಬೇಕು?

ಉತ್ತರ: ಖಂಡಿತ ಸಾಲದು. ಒಣಗಿದ ಮೇಲ್ಮಣ್ಣಿನಲ್ಲಿ ಬೇರು, ಬಿರುಕು, ಎರೆಹುಳದ ದಾರಿ ಎಲ್ಲಾ ಇರುತ್ತವೆ. ಮೊದಲ ನೀರನ್ನು ಅದು ಬೇಗ ಎಳೆದುಕೊಳ್ಳುತ್ತದೆ. ಆದರೆ ನಿಮ್ಮ ನೀರು ಇಂಗಬೇಕಾದದ್ದು ಒಂದೆರಡು ಮೀಟರ್ ಕೆಳಗೆ, ಅದೂ ಮಳೆಗಾಲದಲ್ಲಿ ನೆಲ ನೆನೆದಿರುವಾಗ. ಅಲ್ಲಿ ಜೇಡಿಮಣ್ಣಿನ ಪದರ ಇದ್ದರೆ ನೀರು ಅಲ್ಲೇ ನಿಲ್ಲುತ್ತದೆ. ಗುಂಡಿ ಬರುವ ಜಾಗದಲ್ಲೇ, ಅದೇ ಆಳಕ್ಕೆ ತೋಡಿ ನೋಡಬೇಕು.

ಮಣ್ಣು ಪರೀಕ್ಷೆ ಮಾಡುವ ಸಿವಿಲ್ ಎಂಜಿನಿಯರ್ ಅಥವಾ ಲ್ಯಾಬ್‌ನವರನ್ನು ಕೇಳಿ. ಗುಂಡಿ ತೋಡುವವರೇ ಪರೀಕ್ಷೆಯನ್ನೂ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಪರೀಕ್ಷೆ ಗುಂಡಿಯನ್ನು ಮೂರು ಸಲ ತುಂಬಿಸಬೇಕು. ಪ್ರತಿ ಸಲ ನೀರು ಮುಕ್ಕಾಲು ಮಟ್ಟದಿಂದ ಕಾಲು ಮಟ್ಟಕ್ಕೆ ಇಳಿಯಲು ಹಿಡಿದ ಹೊತ್ತನ್ನು ಬರೆದುಕೊಳ್ಳಬೇಕು. ಲೆಕ್ಕಕ್ಕೆ ಹಿಡಿಯುವುದು ಮೂರರಲ್ಲಿ ಅತಿ ನಿಧಾನದ್ದನ್ನು. ಸರಾಸರಿ ತೆಗೆಯುವವರಿದ್ದಾರೆ, ಒಪ್ಪಬೇಡಿ.

ಪ್ರಶ್ನೆ: ಆ ಹೊತ್ತಿನಿಂದ ಗುಂಡಿಯ ಅಳತೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಒಂದು ಉದಾಹರಣೆ ನೋಡಿ. ಪರೀಕ್ಷೆ ಗುಂಡಿ 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ನೀರು 1 ಮೀಟರ್ ಆಳ. ಮುಕ್ಕಾಲಿನಿಂದ ಕಾಲಿಗೆ ಇಳಿದಾಗ 250 ಲೀಟರ್ ಇಂಗಿರುತ್ತದೆ. ಅರ್ಧ ಮಟ್ಟದಲ್ಲಿ ನೀರು ತಾಗುವ ಗೋಡೆ ಮತ್ತು ತಳ ಸೇರಿ 2 ಚದರ ಮೀಟರ್. ಇದಕ್ಕೆ 100 ನಿಮಿಷ ಹಿಡಿದರೆ, ಒಂದು ಚದರ ಮೀಟರ್ ಮಣ್ಣು ನಿಮಿಷಕ್ಕೆ ಒಂದೂಕಾಲು ಲೀಟರ್ ಕುಡಿಯುತ್ತದೆ ಅಂತಾಯಿತು. ಇನ್ನೊಂದು ಕಡೆ, ನಿಮ್ಮ ತಾರಸಿಗೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರು. ಇವೆರಡನ್ನೂ ಸರಿದೂಗಿಸಿ ಗುಂಡಿಯ ಅಳತೆ ಹಾಕುತ್ತಾರೆ. ತುಂಬಿದ ಗುಂಡಿ 24 ಗಂಟೆಯೊಳಗೆ ಅರ್ಧವಾದರೂ ಖಾಲಿಯಾಗಬೇಕು, ಇಲ್ಲವಾದರೆ ಮರುದಿನದ ಮಳೆಗೆ ಜಾಗ ಇರುವುದಿಲ್ಲ. ವರದಿಯಲ್ಲಿ ಸುಮ್ನೆ "ಮಣ್ಣು ಚೆನ್ನಾಗಿದೆ" ಅಂತಿದ್ದರೆ ಪ್ರಯೋಜನವಿಲ್ಲ. ಆಳ, ಮಣ್ಣಿನ ಪದರಗಳು, ಮೂರೂ ಸಲದ ಹೊತ್ತು ಬರೆದುಕೊಡಿ ಅಂತ ಮೊದಲೇ ಹೇಳಿ.

ಪ್ರಶ್ನೆ: ಗುಂಡಿಯನ್ನು ಗೋಡೆಯ ಪಕ್ಕದಲ್ಲೇ ಮಾಡಬಹುದಾ? ನೀರು ಇಳಿಯದೇ ಹೋದರೆ?

ಉತ್ತರ: ಗೋಡೆಯ ಪಕ್ಕ ಬೇಡ. ಪಾಯದ ಮಣ್ಣು ಮೆತ್ತಗಾಗುತ್ತದೆ. 5 ಮೀಟರ್ ದೂರ ಇಡುವುದು ವಾಡಿಕೆ. ಹೊರಗಿಂದ ತಂದು ತುಂಬಿಸಿದ ಮಣ್ಣಿನಲ್ಲೂ ಬೇಡ. ತೋಡುವಾಗಲೇ ತಳದಲ್ಲಿ ನೀರು ಒಸರಿದರೆ ಅಂತರ್ಜಲ ಮೇಲೇ ಇದೆ ಅಂತ, ಅಷ್ಟು ಆಳದ ಇಂಗುಗುಂಡಿ ಅಲ್ಲಿ ಆಗುವುದಿಲ್ಲ. ದಿನವಿಡೀ ನೀರು ಅಲ್ಲಾಡದೆ ನಿಂತರೆ ಬೇರೆ ಜಾಗ, ಬೇರೆ ಆಳ ನೋಡಿ. ಅಲ್ಲೂ ಹಾಗೇ ಆದರೆ ತೊಟ್ಟಿ ಕಟ್ಟಿ ನೀರು ಹಿಡಿದಿಡುವುದೇ ಸರಿ.

ಪರೀಕ್ಷೆಯ ದಿನ ನೀರು ಜಾಸ್ತಿ ಬೇಕು. ಮೇಲಿನ ಅಳತೆಯ ಗುಂಡಿಗೆ ಒಂದು ಸಲಕ್ಕೇ 500 ಲೀಟರ್. ತೋಡುವ ಮೊದಲು ಕೆಳಗೆ ಪೈಪ್, ಕರೆಂಟ್ ಕೇಬಲ್ ಹೋಗಿದೆಯಾ ನೋಡಿಸಿ. ಗೋಡೆ ಕುಸಿಯಬಹುದು, ಅಳತೆ ತೆಗೆಯಲು ಯಾರೂ ಒಳಗೆ ಇಳಿಯುವುದು ಬೇಡ, ಮೇಲಿಂದಲೇ ಕೋಲು ಇಳಿಸಿದರೆ ಸಾಕು. ರಾತ್ರಿ ಹಾಗೇ ಬಿಡಬೇಕಾದರೆ ಗಟ್ಟಿ ಹಲಗೆ ಮುಚ್ಚಿ, ಸುತ್ತ ಬೇಲಿ ಹಾಕಿಸಿ.