ವ್ಯಂಗ್ಯಚಿತ್ರ, ಧರ್ಮ ಮತ್ತು ಕಾನೂನು: ವಕೀಲರೊಂದಿಗೆ ಪ್ರಶ್ನೋತ್ತರ

ಸದಸ್ಯರು, ಅರಸೀಕೆರೆ: ವಕೀಲರೇ, ದೇವರನ್ನು ವ್ಯಂಗ್ಯಚಿತ್ರದಲ್ಲಿ ತಂದರೆ ಅದಷ್ಟೇ ಅಪರಾಧವಾಗುತ್ತದೆಯೇ?

ವಕೀಲರು, ಹಾಸನ: ಆಗುವುದಿಲ್ಲ. ಹಿಂದಿನ ದಂಡ ಸಂಹಿತೆಯ 295ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ. ಬೇಕೆಂದೇ, ದುರುದ್ದೇಶದಿಂದ ಅವಮಾನಿಸಿ ಒಂದು ವರ್ಗದವರ ಧಾರ್ಮಿಕ ಭಾವನೆಯನ್ನು ಕೆರಳಿಸಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ಶಿಕ್ಷೆ ಮೂರು ವರ್ಷದವರೆಗೆ.

ಶಿಕ್ಷಕರು, ಆಲೂರು: ಶಾಲೆಯ ಗೋಡೆಪತ್ರಿಕೆಯಲ್ಲಿ ಮಕ್ಕಳು ಬರೆದ ಚಿತ್ರಕ್ಕೆ ಮುಖ್ಯೋಪಾಧ್ಯಾಯರು ಹೊಣೆಯಾಗುತ್ತಾರೆಯೇ?

ತಾಯಿ, ಚನ್ನರಾಯಪಟ್ಟಣ ತಾಲ್ಲೂಕು: ಸರ್, ನನ್ನ ಮಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ನಮ್ಮೂರ ಜಾತ್ರೆಯಲ್ಲಿ ಹಣ ಕೊಟ್ಟವರಿಗೆ ಬೇರೆ ಸಾಲು ಮಾಡಿದ್ದರಿಂದ ಬೇಸರಗೊಂಡು ಒಂದು ಚಿತ್ರ ಬರೆದು ಇನ್‌ಸ್ಟಾಗ್ರಾಂನಲ್ಲಿ ಹಾಕಿದ. ಅಮ್ಮನವರೇ ಬರಿಗಾಲಲ್ಲಿ ಧರ್ಮದರ್ಶನದ ಸಾಲಿನ ಕೊನೆಯಲ್ಲಿ ನಿಂತಿದ್ದಾರೆ, ಎದುರಿಗೆ ‘ವಿಶೇಷ ದರ್ಶನ 500 ರೂಪಾಯಿ’ ಎಂಬ ಫಲಕವಿದೆ. ಯಾರೋ ಫಲಕವನ್ನು ಕತ್ತರಿಸಿ ಅಮ್ಮನವರನ್ನಷ್ಟೇ ಉಳಿಸಿ ಹಂಚಿದ್ದಾರೆ. ಠಾಣೆಗೆ ಬರಬೇಕೆಂದು ಫೋನ್ ಬಂದಿದೆ. ಛಾಪಾ ಕಾಗದದ ಮೇಲೆ ಕ್ಷಮಾಪಣೆ ಬರೆದುಕೊಟ್ಟರೆ ಮುಗಿಯಿತೆಂದು ಊರಿನ ಹಿರಿಯರು ಹೇಳುತ್ತಿದ್ದಾರೆ. ಅವರು ಬರೆಸಿರುವ ಆ ಕಾಗದದ ಫೋಟೊ ಹಾಕಿದ್ದೇನೆ.

ಸದಸ್ಯರು, ಸಕಲೇಶಪುರ: ನನಗೆ ಬಂದ ಸಂದೇಶ: ಚಿತ್ರದ ಕೆಳಗೆ ‘ಕೇವಲ ಕಾಲ್ಪನಿಕ’ ಎಂದು ಬರೆದರೆ ಕೇಸು ಬಿದ್ದುಹೋಗುತ್ತದೆ. ಎಲ್ಲರಿಗೂ ತಿಳಿಸಿ.

ವಕೀಲರು: ದಯವಿಟ್ಟು ಯಾರಿಗೂ ತಿಳಿಸಬೇಡಿ. ಇಂಥ ಸಂದೇಶವನ್ನು ನಂಬಿ ಕುಳಿತವರು ಕೊನೆಗೆ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ.

ಅಮ್ಮ, ನಿಮ್ಮ ಮಗನ ಚಿತ್ರಕ್ಕಿಂತ ಆ ಕಾಗದವೇ ನನ್ನನ್ನು ಹೆದರಿಸಿದೆ. ಮೂರನೆಯ ಸಾಲನ್ನು ಓದಿ: ‘ದೇವಿಯನ್ನು ಉದ್ದೇಶಪೂರ್ವಕವಾಗಿ ಅವಮಾನಿಸಿದ್ದೇನೆ’. ಹಿರಿಯರು ಕೇಡು ಬಯಸಿ ಬರೆಸಿರಲಾರರು. ಆದರೆ ಪೊಲೀಸರು ಸಾಬೀತುಪಡಿಸಬೇಕಾದ ಸಂಗತಿಯನ್ನೇ ಹುಡುಗ ಸಹಿ ಹಾಕಿ ಒಪ್ಪಿಕೊಂಡಂತಾಗುತ್ತದೆ. ತಿಳಿಯದೆ ಅಥವಾ ಅಜಾಗರೂಕತೆಯಿಂದ ಆದ ಅವಮಾನಕ್ಕೆ ಈ ಕಲಮು ಅನ್ವಯಿಸುವುದಿಲ್ಲವೆಂದು 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಕ್ರಿಕೆಟ್ ಆಟಗಾರ ಧೋನಿಯವರನ್ನು ವಿಷ್ಣುವಿನ ರೂಪದಲ್ಲಿ ತೋರಿಸಿದ ನಿಯತಕಾಲಿಕದ ಮುಖಪುಟದ ಮೊಕದ್ದಮೆಯನ್ನು 2017ರಲ್ಲಿ ರದ್ದುಪಡಿಸಿದ್ದೂ ಇದೇ ಕಾರಣಕ್ಕೆ. ನಿಮ್ಮ ಮಗನ ಉದ್ದೇಶ ಏನೆಂಬುದನ್ನು ಹೇಳುವುದು ಕತ್ತರಿಸಿ ಎಸೆದಿರುವ ಆ ಫಲಕ. ಆದ್ದರಿಂದ ಚಿತ್ರದ ಮೂಲ ಹಾಳೆಯನ್ನು ಜೋಪಾನವಾಗಿಡಿ, ಪೋಸ್ಟನ್ನು ತೆಗೆಯುವುದಾದರೂ ಅದಕ್ಕೆ ಮೊದಲು ದಿನಾಂಕ ಕಾಣುವಂತೆ ಪ್ರತಿ ತೆಗೆದುಕೊಳ್ಳಿ. ಫೋನ್ ಕರೆ ನೋಟಿಸ್ ಅಲ್ಲ. ಪೊಲೀಸರ ತನಿಖೆ, ಬಂಧನದ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರಂತೆ ಲಿಖಿತ ನೋಟಿಸ್ ಕೊಡುವಂತೆ ವಿನಯದಿಂದ ಕೇಳಿ. ಹುಡುಗನನ್ನು ಒಬ್ಬನೇ ಕಳುಹಿಸಬೇಡಿ. ಇದು ಜಾಮೀನುರಹಿತ ಅಪರಾಧವಾದ್ದರಿಂದ ಬಂಧನಕ್ಕೆ ಮೊದಲೇ ಕೋರ್ಟಿನಲ್ಲಿ ಕೇಳುವ ನಿರೀಕ್ಷಣಾ ಜಾಮೀನಿನ ಅರ್ಜಿ ಸಿದ್ಧವಿರಲಿ.

ಸದಸ್ಯರು, ಬೇಲೂರು: ಕಾನೂನು ಏನೇ ಹೇಳಲಿ, ನಮ್ಮ ದೇವರನ್ನೇ ಏಕೆ ಬರೆಯಬೇಕು? ಬೇರೆ ಧರ್ಮದವರ ಬಗ್ಗೆ ಬರೆಯುವ ಧೈರ್ಯವಿದೆಯೇ?

ಸದಸ್ಯೆ, ಹೊಳೆನರಸೀಪುರ: ಹುಡುಗ ತನ್ನ ಊರಿನ, ತನ್ನ ಮನೆದೇವರ ಜಾತ್ರೆಯನ್ನು ಬರೆದಿದ್ದಾನೆ. ಅವನು ಪ್ರಶ್ನಿಸಿದ್ದು ಹಣದ ಸಾಲನ್ನು, ದೇವಿಯನ್ನಲ್ಲ. ದಾಸರು ನಿಂದಾಸ್ತುತಿ ಹಾಡಿದ್ದನ್ನು ನಾವು ಭಜನೆಯಲ್ಲಿ ಹಾಡುತ್ತೇವಲ್ಲ.

ಸದಸ್ಯರು, ಬೇಲೂರು: ದಾಸರು ಭಕ್ತಿಯಿಂದ ಹಾಡಿದರು. ಇನ್‌ಸ್ಟಾಗ್ರಾಂಗೂ ದಾಸರಿಗೂ ಹೋಲಿಕೆ ಮಾಡಬೇಡಿ.

ಸದಸ್ಯೆ, ಹೊಳೆನರಸೀಪುರ: ಆ ಹುಡುಗನಿಗೆ ಭಕ್ತಿಯಿಲ್ಲವೆಂದು ನಿಮಗೆ ಹೇಳಿದವರು ಯಾರು?

ಸದಸ್ಯರು, ಸಕಲೇಶಪುರ: ಪ್ಯಾರಿಸ್ಸಿನಲ್ಲಿ ಏನಾಯಿತು ಎಂಬುದನ್ನು ಮರೆಯಬೇಡಿ. 2015ರ ಜನವರಿ 7ರಂದು ಶಾರ್ಲಿ ಎಬ್ಡೊ ಎಂಬ ವ್ಯಂಗ್ಯಚಿತ್ರ ಪತ್ರಿಕೆಯ ಕಚೇರಿಗೆ ನುಗ್ಗಿ 12 ಜನರನ್ನು ಕೊಂದರು. ಬರೆಯದಿರುವುದೇ ಕ್ಷೇಮ.

ಸದಸ್ಯೆ, ಹೊಳೆನರಸೀಪುರ: ಕೊಂದವರ ತಪ್ಪನ್ನು ಬರೆದವರ ತಲೆಗೆ ಕಟ್ಟುತ್ತಿದ್ದೀರಿ. ನೋವಾದವರು ಖಂಡಿಸಬಹುದು, ಪ್ರತಿಯಾಗಿ ಚಿತ್ರ ಬರೆಯಬಹುದು.

ಸದಸ್ಯರು, ಬೇಲೂರು: ನಿಮ್ಮ ಉಪದೇಶವನ್ನು ಯಾರೂ ಕೇಳಿಲ್ಲ.

ಸದಸ್ಯರು, ಅರಸೀಕೆರೆ: ಹಾಗಾದರೆ ದೇವರನ್ನು ಬರೆಯುವುದು ಅಪರಾಧವೇ, ಅಲ್ಲವೇ?

ವಕೀಲರು: ಮೇಲೆ ಉತ್ತರಿಸಿದ್ದೇನೆ.

ಸದಸ್ಯರು, ಸಕಲೇಶಪುರ: ಇನ್ನೊಂದು ಸಂದೇಶ: ಮಾತಿನ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೆಯ ವಿಧಿ ಇರುವವರೆಗೆ ಯಾರೂ ನಮ್ಮನ್ನು ಮುಟ್ಟುವಂತಿಲ್ಲ.

ವಕೀಲರು: 19(1)ರ ಕೆಳಗೆ 19(2) ಇದೆ; ಸಾರ್ವಜನಿಕ ಸುವ್ಯವಸ್ಥೆಗಾಗಿ ಸಮಂಜಸ ನಿರ್ಬಂಧ ಹೇರಲು ಅದು ಅವಕಾಶ ಕೊಡುತ್ತದೆ. ಇನ್ನು ಇಂಥವನ್ನು ಇಲ್ಲಿ ಹಾಕಬೇಡಿ, ಎರಡನೆಯ ಸಲ ಹೇಳುತ್ತಿದ್ದೇನೆ.

ಶಿಕ್ಷಕರು, ಆಲೂರು: ಗೋಡೆಪತ್ರಿಕೆಯ ಬಗ್ಗೆ ಬೆಳಿಗ್ಗೆಯೇ ಕೇಳಿದ್ದೆ.

ತಾಯಿ, ಚನ್ನರಾಯಪಟ್ಟಣ ತಾಲ್ಲೂಕು: ಸರ್, ಹಿರಿಯರು ಕಾಗದ ಹಿಡಿದು ನಮ್ಮ ಜಗಲಿಯಲ್ಲಿ ಕುಳಿತಿದ್ದಾರೆ. ‘ಉದ್ದೇಶಪೂರ್ವಕವಾಗಿ’ ಎಂಬ ಆ ಒಂದು ಪದವನ್ನು ಹೊಡೆದುಹಾಕಿ ಸಹಿ ಮಾಡಿಸಲೇ?

ವಕೀಲರು: ಬೇಡಮ್ಮ. ಅವರಿಗೆ ಕಾಫಿ ಕೊಡಿ, ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದವಿದೆ ಎಂದು ಮಗ ಬಾಯಿಮಾತಿನಲ್ಲಿ ಹೇಳಲಿ. ಕಾಗದವನ್ನು ಮುಟ್ಟಬೇಡಿ. ನಾಳೆ ಹತ್ತು ಗಂಟೆಗೆ ಮೂಲ ಹಾಳೆಯೊಂದಿಗೆ ಹಾಸನಕ್ಕೆ ಬನ್ನಿ.