ರಂಝಾನ್‌ಗೆ ಎರಡು ವಾರ ಇದೆ, ಮನಸ್ಸು ಇನ್ನೂ ತಯಾರಾಗಿಲ್ಲ

ಇಬ್ಬರ ಅಮ್ಮ (ಶನಿವಾರ, ರಂಝಾನ್ ಮುಂಚಿನ ತಿಂಗಳಾದ ಶಾಬಾನ್ 14)

ಅಸ್ಸಲಾಮು ಅಲೈಕುಮ್. ರಂಝಾನ್‌ಗೆ ಉಳಿದಿರುವುದು ಹದಿನೈದೋ ಹದಿನಾರೋ ದಿನ. ಮನೆ ಕೆಲಸದ ಪಟ್ಟಿ ಆಗಲೇ ಬರೆದಿಟ್ಟಿದ್ದೇನೆ. ಮನಸ್ಸಿಗೆ ಏನು ತಯಾರಿ ಮಾಡಬೇಕು ಅನ್ನೋದು ಮಾತ್ರ ತೋಚುತ್ತಿಲ್ಲ.

ಹೋದ ವರ್ಷ ಏನಾಯಿತು ಹೇಳುತ್ತೇನೆ. ಕುರ್‌ಆನ್ ಎರಡು ಸಲ ಓದಿ ಮುಗಿಸಬೇಕು ಅಂತ ಹಟ ಹಿಡಿದೆ. ದಿನಕ್ಕೆ 40 ಪುಟ. ಮೊದಲ ಐದು ದಿನ ನಡೆಯಿತು. ಆಮೇಲೆ ದೊಡ್ಡ ಮಗನಿಗೆ ಜ್ವರ ಬಂತು. ಅದೇ ವಾರ ಆಫೀಸಿನಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ನಡುವೆ ಆರು ದಿನ ನನಗೆ ಉಪವಾಸವೇ ಇರಲಿಲ್ಲ. ಕೊನೆಗೆ ಒಂದು ಸಲ ಮುಗಿಸಿದ್ದು 29ನೇ ರಾತ್ರಿ, ಅದೂ ಸುಮ್ನೆ ಕಣ್ಣು ಓಡಿಸಿಕೊಂಡು. ಏನು ಓದಿದೆ ಅಂತ ಯಾರಾದರೂ ಕೇಳಿದ್ದರೆ ಒಂದು ಸಾಲೂ ಹೇಳಲಾಗುತ್ತಿರಲಿಲ್ಲ.

ಹಬ್ಬದ ಮಾರನೇ ದಿನ ಫಜ್ರ್ (ಬೆಳಗಿನ ಜಾವದ ನಮಾಝ್) ತಪ್ಪಿತು. ಅದರ ಮಾರನೇ ದಿನವೂ ತಪ್ಪಿತು. ಒಂದು ವಾರದಲ್ಲಿ ಮೊದಲು ಹೇಗಿದ್ದೆನೋ ಹಾಗೇ ಆಗಿಬಿಟ್ಟೆ. ಅಷ್ಟು ದಿನ ಹಸಿದದ್ದು ಎಲ್ಲಿ ಹೋಯಿತು ಅಂತ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ.

ಇನ್ನೂ ಎರಡು ವಿಷಯ ಇದೆ. ಆರು ಕಝಾ (ತಪ್ಪಿದ್ದನ್ನು ಆಮೇಲೆ ಹಿಡಿಯುವ) ಉಪವಾಸದಲ್ಲಿ ಎರಡು ಮಾತ್ರ ಹಿಡಿದಿದ್ದೇನೆ, ನಾಲ್ಕು ಬಾಕಿ. ಮತ್ತೆ ನನ್ನ ತಮ್ಮನ ಜೊತೆ ಮಾತು ಬಿಟ್ಟು ಒಂದು ವರ್ಷ ನಾಲ್ಕು ತಿಂಗಳಾಯಿತು. ಹಣದ ವಿಷಯ. ತಪ್ಪು ಅವನದೇ ಜಾಸ್ತಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ನಮಾಝಿನಲ್ಲಿ ಹಣೆ ನೆಲಕ್ಕಿಟ್ಟು ಸಜ್ದಾಕ್ಕೆ ಹೋದಾಗ ಅವನ ಮುಖವೇ ಕಣ್ಣ ಮುಂದೆ ಬರುತ್ತದೆ.

ಈ ಎರಡು ವಾರದಲ್ಲಿ ಎಲ್ಲಿಂದ ಶುರು ಮಾಡಲಿ?

ನೂರ್

ವಅಲೈಕುಮ್ ಸಲಾಮ್ ಅಕ್ಕಾ. ಮೊದಲು ಕಝಾ. ಬಾಕಿ ಇಟ್ಟುಕೊಂಡದ್ದಕ್ಕೆ ಜಾಸ್ತಿ ನಾಚಿಕೆ ಪಡಬೇಡಿ. ಪ್ರವಾದಿ(ಸ) ಅವರ ಪತ್ನಿ ಆಯಿಶಾ(ರ) ಅವರೇ ತಮ್ಮ ರಂಝಾನ್ ಕಝಾವನ್ನು ಶಾಬಾನ್‌ನಲ್ಲಿ ತೀರಿಸುತ್ತಿದ್ದೆ ಅಂತ ಹೇಳಿದ್ದಾರೆ. ಬುಖಾರಿ, ಮುಸ್ಲಿಮ್ ಎರಡೂ ಹದೀಸ್ (ಪ್ರವಾದಿಯವರ ನಡೆ ನುಡಿಯ ವರದಿ) ಸಂಗ್ರಹಗಳಲ್ಲಿ ಇದೆ. ಆ ಹದೀಸ್ ಓದಿದ ದಿನ ನನಗೆ ಎಷ್ಟು ಹಗುರ ಆಯಿತು ಗೊತ್ತಾ!

ಶಾಬಾನ್ ಅರ್ಧ ಕಳೆದ ಮೇಲೆ ಸುನ್ನತ್ (ಕಡ್ಡಾಯವಲ್ಲದ) ಉಪವಾಸ ಹೊಸದಾಗಿ ಶುರು ಮಾಡಬಹುದಾ ಅನ್ನೋದರಲ್ಲಿ ವಿದ್ವಾಂಸರ ನಡುವೆ ಬೇರೆ ಬೇರೆ ಮಾತಿದೆ. ಕಝಾಕ್ಕೆ ಆ ಅಡ್ಡಿ ಇಲ್ಲ. ಒಂದು ಮಾತ್ರ ನೆನಪಿಡಿ, ಕಝಾ ಉಪವಾಸದ ನಿಯ್ಯತ್ (ಸಂಕಲ್ಪ) ಫಜ್ರ್‌ಗೆ ಮುಂಚೆಯೇ ಇರಬೇಕು. ಬೆಳಿಗ್ಗೆ ಎದ್ದು 'ಇವತ್ತು ಹಿಡಿಯೋಣ' ಅಂದರೆ ಆಗಲ್ಲ.

ನಾನು ಸೋಮವಾರ, ಗುರುವಾರ ಅಂತ ಗೊತ್ತು ಮಾಡಿಕೊಂಡೆ. ಪ್ರವಾದಿ(ಸ) ಉಪವಾಸ ಹಿಡಿಯುತ್ತಿದ್ದ ದಿನಗಳು ಅವು. ನಿಮ್ಮ ಲೆಕ್ಕಕ್ಕೂ ಸರಿಹೋಗುತ್ತದೆ. 16, 19, 23, 26. ನಾಲ್ಕೂ ಮುಗಿದು ಕೊನೆಗೆ ಮೂರು ನಾಲ್ಕು ದಿನ ಬಿಡುವು ಸಿಗುತ್ತದೆ. ದೇಹಕ್ಕೂ ಅಭ್ಯಾಸ ಆಗಿರುತ್ತದೆ, ಮೊದಲ ರೋಜಾದ ತಲೆನೋವು ಅಷ್ಟಾಗಿ ಕಾಡುವುದಿಲ್ಲ.

ಹಳೆ ಮೇಷ್ಟ್ರು

ತಂಗೀ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನು ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿ ನಿವೃತ್ತನಾದವನು. ಹಾಗಾಗಿ ಪುಟದ ಲೆಕ್ಕ ನನಗೂ ಬಹಳ ಇಷ್ಟವಾಗಿತ್ತು. 30 ಜುಝ್ (ಕುರ್‌ಆನ್‌ನ ಭಾಗಗಳು), ಒಂದು ಜುಝ್‌ಗೆ ಸುಮಾರು 20 ಪುಟ, ಐದು ನಮಾಝ್, ನಮಾಝ್‌ಗೆ ನಾಲ್ಕು ಪುಟ. ಎಷ್ಟೋ ವರ್ಷ ಇದನ್ನೇ ತಯಾರಿ ಅಂದುಕೊಂಡಿದ್ದೆ. ಲೆಕ್ಕ ಯಾವತ್ತೂ ತಪ್ಪಲಿಲ್ಲ.

ಒಂದು ಸಂಜೆ ನನ್ನ ಹೆಂಡತಿ ಹೇಳಿದಳು: 'ರಂಝಾನ್‌ನಲ್ಲಿ ಇಳಿಹೊತ್ತಿನ ಅಸರ್ ನಮಾಝ್ ಆದಮೇಲೆ ಮಕ್ಕಳು ನಿಮ್ಮ ಹತ್ತಿರ ಬರೋದೇ ಇಲ್ಲ. ನೋಡಿದ್ದೀರಾ?' ನಾನು ನೋಡಿರಲಿಲ್ಲ. ಅವಳು ಜಗಳಕ್ಕೆ ಹೇಳಿದ್ದಲ್ಲ, ಮೆಲ್ಲಗೆ ಹೇಳಿದಳು. ಅದಕ್ಕೇ ಅದು ನಾಟಿತು. ಆಗ ನನ್ನ ಚಿಕ್ಕ ಮಗಳಿಗೆ ಆರು ವರ್ಷ. ಹಸಿವು, ಬಾಯಾರಿಕೆ, ತಲೆನೋವು, ಎಲ್ಲದರ ಸಿಟ್ಟೂ ಆ ಮಗುವಿನ ಮೇಲೆ ಬೀಳುತ್ತಿತ್ತು. ಕೈಯಲ್ಲಿ ಮುಸ್‌ಹಫ್ (ಕುರ್‌ಆನ್ ಪ್ರತಿ) ಇರುತ್ತಿತ್ತು. ಪಕ್ಕದಲ್ಲಿ ಗಲಾಟೆ ಆದರೆ ಓದು ನಿಲ್ಲಿಸಿ ಬೈದು, ಮತ್ತೆ ಓದುತ್ತಿದ್ದೆ.

ಸುಳ್ಳು ಮಾತು, ಸುಳ್ಳು ನಡೆ ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಾಗಿಲ್ಲ ಅನ್ನುವ ಹದೀಸ್ ನನಗೆ ಬಾಯಿಪಾಠ ಬರುತ್ತಿತ್ತು. ಯಾರಾದರೂ ಜಗಳಕ್ಕೆ ಬಂದರೆ 'ನಾನು ಉಪವಾಸ ಇದ್ದೇನೆ' ಅನ್ನಿ ಅನ್ನುವುದೂ ಗೊತ್ತಿತ್ತು. ಅದನ್ನು ಹೊರಗಿನವರಿಗೆ ಹೇಳುವ ಮಾತು ಅಂದುಕೊಂಡಿದ್ದೆ. ಅದು ನನಗೆ ನಾನೇ ಹೇಳಿಕೊಳ್ಳಬೇಕಾದ ಮಾತು ಅಂತ ಆ ಸಂಜೆ ಗೊತ್ತಾಯಿತು.

ಮುಂದಿನ ವರ್ಷ ಶಾಬಾನ್ ಬಂದಾಗ ಪುಟದ ಪಟ್ಟಿ ಮಾಡಲಿಲ್ಲ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ರಾತ್ರಿಯ ಇಶಾ ನಮಾಝ್ ಆದಮೇಲೆ, ಇವತ್ತು ಯಾರ ಮೇಲೆ ರೇಗಿದೆ, ಎಷ್ಟು ಹೊತ್ತಿಗೆ, ಇಷ್ಟೇ ಬರೆಯುವುದು. ಮೊದಲ ವಾರ ಬರೆಯಲು ಕೈ ಬರುತ್ತಿರಲಿಲ್ಲ. ಹತ್ತು ದಿನ ಆದಮೇಲೆ ತಿರುಗಿಸಿ ನೋಡಿದರೆ ಮುಕ್ಕಾಲು ಪಾಲು ಸಿಟ್ಟು ಸಂಜೆ ಐದರಿಂದ ಏಳರ ಒಳಗೆ. ಅವತ್ತಿನಿಂದ ಆ ಹೊತ್ತಿಗೆ ಹತ್ತು ನಿಮಿಷ ಒಂದು ಮೂಲೆಯಲ್ಲಿ ಕೂತು ಇಸ್ತಿಗ್ಫಾರ್ (ಕ್ಷಮೆ ಬೇಡುವ ಮಾತು) ಹೇಳುವುದು ರೂಢಿ ಮಾಡಿಕೊಂಡೆ. ಹೊಟ್ಟೆ ತುಂಬಿರುವಾಗಲೇ ನಾಲಿಗೆಗೆ ಅಭ್ಯಾಸ ಮಾಡಿಸಬೇಕು ತಂಗೀ. ಹಸಿದಾಗ ಹೊಸದಾಗಿ ಕಲಿಯಲು ಆಗುವುದಿಲ್ಲ. ಶಾಬಾನ್ ಇರುವುದು ಅದಕ್ಕೇ ಅಂತ ನಾನು ನಂಬಿದ್ದೇನೆ. ರಜಬ್ ಮತ್ತು ರಂಝಾನ್ ನಡುವೆ ಜನ ಮರೆತುಬಿಡುವ ತಿಂಗಳು ಅಂತ ಪ್ರವಾದಿ(ಸ) ಅದನ್ನು ಕರೆದದ್ದು ಪ್ರವಾದಿಯವರ ಸಂಗಾತಿ ಉಸಾಮಾ(ರ) ಅವರ ಹದೀಸ್‌ನಲ್ಲಿ ಬರುತ್ತದೆ.

ಓದಿನ ಬಗ್ಗೆ ಒಂದು ಮಾತು. ಉಪವಾಸದ ಆಯತ್‌ಗಳು (ವಚನಗಳು) ಕುರ್‌ಆನ್‌ನ ಅಲ್‌ಬಕರಾ ಸೂರಾದಲ್ಲಿ (ಅಧ್ಯಾಯದಲ್ಲಿ) 183ರಿಂದ 187ರವರೆಗೆ ಇವೆ. ಅರ್ಥದ ಜೊತೆ ನಿಧಾನವಾಗಿ ಓದಿ ನೋಡಿ. ಯಾರು ಹಿಡಿಯಬೇಕು, ರೋಗಿ ಏನು ಮಾಡಬೇಕು, ಪ್ರಯಾಣಿಕ ಏನು ಮಾಡಬೇಕು, ಹೀಗೆ ನಿಯಮದ ಮೇಲೆ ನಿಯಮ. ನಡುವೆ 186ರಲ್ಲಿ ಇದ್ದಕ್ಕಿದ್ದ ಹಾಗೆ, ನನ್ನ ದಾಸರು ನನ್ನ ಬಗ್ಗೆ ಕೇಳಿದರೆ ನಾನು ಹತ್ತಿರವೇ ಇದ್ದೇನೆ, ಕರೆದವನ ಕರೆಗೆ ಓಗೊಡುತ್ತೇನೆ ಅನ್ನುವ ಮಾತು. ಆಮೇಲೆ ಮತ್ತೆ ನಿಯಮ. ಎಷ್ಟು ವರ್ಷ ಇದರ ಮೇಲೆ ಕಣ್ಣು ಹಾಯಿಸಿಕೊಂಡು ಹೋಗಿದ್ದೆ! ಅದು ಅಲ್ಲಿ ಯಾಕೆ ಇದೆ ಅಂತ ಯೋಚಿಸುತ್ತಾ ಒಂದು ಇಡೀ ರಾತ್ರಿ ಆ ಪುಟದಲ್ಲೇ ಕೂತಿದ್ದೆ. ಅವತ್ತು ಓದಿದ್ದು ಒಂದೇ ಪುಟ.

ನೀವು ಈ ಎರಡು ವಾರ ದಿನಕ್ಕೆ ಎರಡು ಪುಟ ಓದಿ. ಅರ್ಥದ ಜೊತೆ ಓದಿ. ಹಬ್ಬದ ಮಾರನೇ ದಿನವೂ ಓದಲು ಆಗುವಷ್ಟು ಮಾತ್ರ ಇರಲಿ. ಚಿಕ್ಕದಾದರೂ ಬಿಡದೆ ಮಾಡುವ ಕೆಲಸವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಅಂತ ಇದೆಯಲ್ವಾ.

ಐದನೇ ಸಫ್

ಮೇಷ್ಟ್ರ ಮಾತು ಒಪ್ಪುತ್ತೇನೆ, ಆದರೆ ಪುಟದ ಲೆಕ್ಕವನ್ನು ಪೂರ್ತಿ ಬಿಡಬೇಡಿ ಅಕ್ಕಾ. ನನ್ನಂಥವನಿಗೆ ಲೆಕ್ಕ ಇಲ್ಲದಿದ್ದರೆ ಓದೇ ಇಲ್ಲ. ಹೋದ ವರ್ಷ ಪ್ರತಿ ನಮಾಝ್ ಆದಮೇಲೆ ನಾಲ್ಕು ಪುಟ ಅಂತ ಇಟ್ಟುಕೊಂಡೇ ಜೀವನದಲ್ಲಿ ಮೊದಲ ಸಲ ಕುರ್‌ಆನ್ ಮುಗಿಸಿದೆ. ಆ ಸಂತೋಷ ಈಗಲೂ ಇದೆ. ದೇವದೂತ ಜಿಬ್ರೀಲ್(ಅ) ಕೂಡ ಪ್ರತಿ ರಂಝಾನ್‌ನಲ್ಲಿ ಪ್ರವಾದಿ(ಸ) ಅವರ ಜೊತೆ ಕುರ್‌ಆನ್ ಓದಿ ನೋಡುತ್ತಿದ್ದರಲ್ಲ, ಕೊನೆಯ ವರ್ಷ ಎರಡು ಸಲ. ಜಾಸ್ತಿ ಓದಬೇಕು ಅನ್ನುವ ಆಸೆ ಒಳ್ಳೆಯದೇ.

ನನ್ನ ತಯಾರಿ ಫೋನ್‌ನಿಂದ ಶುರುವಾಗುತ್ತದೆ. ಶಾಬಾನ್ 15ರಿಂದ ಮಲಗುವ ಕೋಣೆಗೆ ಫೋನ್ ತರುವುದಿಲ್ಲ. ಸಹ್ರಿಗೆ (ಉಪವಾಸಕ್ಕೆ ಮುಂಚಿನ ಬೆಳಗಿನ ಜಾವದ ಊಟ) ಏಳಲು ಬೇರೆ ಅಲಾರಾಂ ಗಡಿಯಾರ ಇದೆ.

ಹಳೆ ಮೇಷ್ಟ್ರು

ನೀವು ಹೇಳುವುದು ಸರಿ. ಲೆಕ್ಕವೇ ಬೇಡ ಅಂತ ನಾನು ಹೇಳಬಾರದಿತ್ತು. ಮೊದಲ ಸಲ ಮುಗಿಸುವವನಿಗೆ ಅದು ಆಸರೆ. ಈ ತಂಗಿಗೆ ಹೋದ ವರ್ಷ ಅದು ಭಾರವಾಯಿತು ಅಂತ ಅನ್ನಿಸಿ ಹಾಗೆ ಬರೆದೆ.

ತಮ್ಮನ ವಿಷಯ ಬಿಟ್ಟುಹೋಗಿತ್ತು. ನೂರ್ ಅವರು ಸೋಮವಾರ, ಗುರುವಾರ ಅಂದರು. ಆ ಎರಡು ದಿನಗಳ ಬಗ್ಗೆ ಇನ್ನೊಂದು ಹದೀಸ್ ಇದೆ, ಮುಸ್ಲಿಮ್‌ನಲ್ಲಿ. ಅವತ್ತು ಸ್ವರ್ಗದ ಬಾಗಿಲು ತೆರೆಯುತ್ತದೆ, ಅಲ್ಲಾಹನಿಗೆ ಯಾರನ್ನೂ ಸಹಭಾಗಿ ಮಾಡದ ಪ್ರತಿಯೊಬ್ಬರಿಗೂ ಕ್ಷಮೆ ಸಿಗುತ್ತದೆ, ಒಬ್ಬರ ಮೇಲೊಬ್ಬರು ದ್ವೇಷ ಇಟ್ಟುಕೊಂಡ ಇಬ್ಬರನ್ನು ಬಿಟ್ಟು. ಅವರು ರಾಜಿಯಾಗುವವರೆಗೆ ಕಾಯಿರಿ ಅಂತ ಹೇಳಲಾಗುತ್ತದೆ.

ನಿಮ್ಮದೂ ಹಣದ ವಿಷಯ ಅಂದಿರಿ. ಪ್ರವಾದಿಯವರ ಸಂಗಾತಿ ಅಬೂಬಕರ್(ರ) ತಮ್ಮ ಬಡ ಸಂಬಂಧಿ ಮಿಸ್ತಹ್‌ಗೆ ಖರ್ಚಿಗೆ ಹಣ ಕೊಡುತ್ತಿದ್ದರು. ಅಬೂಬಕರ್ ಅವರ ಮಗಳಾದ ಆಯಿಶಾ(ರ) ಅವರ ಮೇಲೆ ಅಪವಾದ ಹೊರಿಸಿದವರ ಜೊತೆ ಆ ಮಿಸ್ತಹ್ ಕೂಡ ಸೇರಿಕೊಂಡರು. ಯಾವ ಅಪ್ಪ ಸಹಿಸುತ್ತಾನೆ? ಇನ್ನು ಒಂದು ಕಾಸೂ ಕೊಡಲ್ಲ ಅಂತ ಆಣೆ ಮಾಡಿದರು. ಆಗ ಸೂರಾ ನೂರ್‌ನ 22ನೇ ಆಯತ್ ಬಂತು: ಕ್ಷಮಿಸಲಿ, ಮನ್ನಿಸಲಿ, ಅಲ್ಲಾಹ್ ನಿಮ್ಮನ್ನು ಕ್ಷಮಿಸುವುದು ನಿಮಗೆ ಇಷ್ಟವಿಲ್ಲವೇ? ಇಷ್ಟ ಇದೆ ಅಂದು ಅವರು ಮತ್ತೆ ಹಣ ಕೊಡಲು ಶುರು ಮಾಡಿದರು. ತಪ್ಪು ಯಾರದು ಅನ್ನುವ ಲೆಕ್ಕ ಅಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೂ ಆಯತ್ ಕೇಳಿದ್ದು ಬೇರೆ ಪ್ರಶ್ನೆ. ಹಣದ ಹಕ್ಕು ಬಿಟ್ಟುಕೊಡಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಆಮೇಲೆ ಕೂತು ಮಾತಾಡಿ. ಮೊದಲು ಸಲಾಮ್ ಹೇಳಿ.

ಇಬ್ಬರ ಅಮ್ಮ (ಭಾನುವಾರ ರಾತ್ರಿ)

ಎಲ್ಲರಿಗೂ ಜಝಾಕುಮುಲ್ಲಾಹು ಖೈರನ್. ಮೇಷ್ಟ್ರೇ, ಸೂರಾ ನೂರ್‌ನ ಆ ಆಯತ್ ನಿನ್ನೆ ರಾತ್ರಿ ಓದಿದೆ. ಹೋದ ರಂಝಾನ್‌ನಲ್ಲೂ ಅದನ್ನು ಓದಿ ದಾಟಿದ್ದೆ ತಾನೇ! ನೆನಪೇ ಇಲ್ಲ.

ಮಧ್ಯಾಹ್ನ ಝುಹರ್ ಆದಮೇಲೆ ತಮ್ಮನಿಗೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು. ಅವನು ಎತ್ತಲಿಲ್ಲ. ಸುಮಾರು ಹೊತ್ತು ಫೋನ್ ನೋಡುತ್ತಾ ಕೂತೆ, ಸಿಟ್ಟೂ ಬಂತು. ಅಸರ್ ಹೊತ್ತಿಗೆ ಮೆಸೇಜ್ ಬಂತು: 'ವಅಲೈಕುಮ್ ಸಲಾಮ್ ಅಕ್ಕ. ಕೆಲಸದಲ್ಲಿದ್ದೆ. ನಾಳೆ ಮಗ್ರಿಬ್ ಆದಮೇಲೆ ಮಾಡ್ತೀನಿ.' ನಾನು ಸಲಾಮ್ ಹೇಳಿಯೇ ಇರಲಿಲ್ಲ, ಅವನೇ ಉತ್ತರ ಕೊಟ್ಟಿದ್ದಾನೆ.

ನಾಳೆ ಸೋಮವಾರ. ಮೊದಲ ಕಝಾ, ನಿಯ್ಯತ್ ಮಾಡಿಯಾಗಿದೆ. ಅವನ ಫೋನ್ ಬರುವಷ್ಟರಲ್ಲಿ ನನ್ನ ಇಫ್ತಾರ್ (ಸೂರ್ಯ ಮುಳುಗಿದ ಮೇಲೆ ಉಪವಾಸ ಬಿಡುವುದು) ಮುಗಿದಿರುತ್ತದೆ.