ಅಪ್‌ಡೇಟ್: ಅಪ್ಪನ ತಲೆಸುತ್ತಿಗೆ ಕಾರಣ ಸಿಕ್ತು

ರಾಯಚೂರಿನಲ್ಲಿ ಎರಡು ಸಲ ತೆಗೆಸಿದ ಇಸಿಜಿ ನಾರ್ಮಲ್, ಆದರೂ ಅಪ್ಪ ಗಂಜ್‌ನಲ್ಲಿ ಹತ್ತಿ ಅಂಡಿಗೆ ಪಕ್ಕ ಕುಸಿದದ್ದು ಯಾಕೆ ಅಂತ ಹೋದ ತಿಂಗಳು ಕೇಳಿದ್ದೆ. ಹೋಲ್ಟರ್ (ಮೈಗೆ ಕಟ್ಟಿ ದಿನವಿಡೀ ಇಸಿಜಿ ದಾಖಲಿಸುವ ಪುಟ್ಟ ಯಂತ್ರ) ಹಾಕಿಸಿ ಅಂದಿರಿ, ಹಾಕಿಸಿದೆವು. ಆ 24 ತಾಸು ಅಪ್ಪ ಗುಂಡುಕಲ್ಲಿನಂತಿದ್ದರು!

ಕೊನೆಗೆ ಹೈದರಾಬಾದಿನಲ್ಲಿ ಇಪಿ ಸ್ಟಡಿ, ಅಂದ್ರೆ ಹೃದಯದೊಳಗಿನ ವಿದ್ಯುತ್ ಸಂಚಾರದ ಪರೀಕ್ಷೆ, ಆಯ್ತು. ತೊಡೆಸಂದಿಯ ರಕ್ತನಾಳದಿಂದ ತಂತಿ ತೂರಿಸಿ, ಹೃದಯದ ಮೇಲ್ಕೋಣೆಯನ್ನು ಅರ್ಧ–ಒಂದು ನಿಮಿಷ ಬೇಗಬೇಗ ಬಡಿಸಿ, ತಟ್ಟನೆ ನಿಲ್ಲಿಸುತ್ತಾರೆ. ಸೈನಸ್ ನೋಡ್ (ಹೃದಯದ ಬಡಿತ ಹುಟ್ಟಿಸುವ ಜಾಗ) ತಾನಾಗಿ ಮತ್ತೆ ಶುರುವಾಗಲು ಎಷ್ಟು ಹೊತ್ತು ಅನ್ನೋದೇ ಲೆಕ್ಕ. ಸಾಮಾನ್ಯವಾಗಿ 1500 ಮಿಲಿಸೆಕೆಂಡಿನೊಳಗೆ ಆಗಬೇಕು. ಅಪ್ಪನದು 3200, ತಲೆಸುತ್ತಿಗೆ ಇದೇ ಕಾರಣ. ಡಾಕ್ಟರ್ ತೋರಿಸಿದ ಕಾಗದದಲ್ಲಿ ಆ ಚಪ್ಪಟೆ ಗೆರೆ ನೋಡಿ ನನ್ನ ಎದೆಯೇ ನಿಂತಂಗಾಯ್ತು.

ಸೋಮವಾರ ಪೇಸ್‌ಮೇಕರ್. "ಹತ್ತಿ ಬಿಡಿಸೋದು ಮುಗೀಲಿ ತಡೀರಿ" ಅಂತ ಅಪ್ಪನ ತಕರಾರು ಇನ್ನೂ ನಡೆದಿದೆ.